ಪಟ್ಟಿಯ ಕೊನೆಯ ಸಾಲು

ಸಿದ್ದಲಿಂಗಪ್ಪನ ಬಗ್ಗೆ ಆಫೀಸಿನವರು ಈಗ ಏನೇನೋ ಹೇಳುತ್ತಾರೆ. ಹೇಳಲಿ, ಅವರ ಬಾಯಿಗೆ ಬೀಗ ಹಾಕುವವರು ಯಾರು? ಆದರೆ ಅವನ ಪಕ್ಕದ ಮೇಜಿನಲ್ಲಿ ನಾಲ್ಕು ವರ್ಷ ಕೂತವಳು ನಾನು, ಅವರಲ್ಲ. ನನ್ನ ಹೆಸರು ವಿಯೋಲಾ, ಊರು ಮಂಗಳೂರಿನ ಕುಲಶೇಖರ. ಮೆಲ್ಬರ್ನಿನ ಕ್ಲೇಟನ್‌ನಲ್ಲಿ ಒಂದು ಪರೀಕ್ಷಾ ಲ್ಯಾಬ್. ರೋಗಿಗಳ ಹೆಸರು, ವಿಳಾಸ ಕಂಪ್ಯೂಟರಿಗೆ ಹಾಕುವುದು ನನ್ನ ಕೆಲಸ. ಆ ಕಂಪ್ಯೂಟರುಗಳನ್ನು ನೋಡಿಕೊಳ್ಳುವುದು ಅವನದಾಗಿತ್ತು.

ರಾಣೆಬೆನ್ನೂರಿನ ಕಡೆಯವನು. ಓದಲು ಬಂದು, ಒಂದು ಬಾಡಿಗೆ ಮನೆಯಲ್ಲಿ ಆರು ಜನರ ಜೊತೆ ಇದ್ದು, ಕೊನೆಗೆ ನಮ್ಮ ಲ್ಯಾಬ್ ಸ್ಪಾನ್ಸರ್ ಮಾಡಿದ ವೀಸಾದಲ್ಲಿ ಉಳಿದುಕೊಂಡಿದ್ದ. ಕೆಲಸ ಹೋದರೆ ಗಂಟು ಮೂಟೆ ಕಟ್ಟಿಕೊಂಡು ಹೊರಡಬೇಕು. ಇಲ್ಲೇ ಕಾಯಂ ಆಗಿ ನೆಲೆಸಲು ಬೇಕಾದ ಪಿಆರ್‌ಗೆ ಅರ್ಜಿ ಹಾಕಿ ಕಾಯುತ್ತಿದ್ದ. ಎಲ್ಲರಿಗೂ ಅವನು ಸಿಡ್, ನನಗೆ ಮಾತ್ರ ಸಿದ್ದು. ಯಾವುದನ್ನೂ ಎರಡು ಸಲ ನೋಡದೆ ಬಿಡುವ ಆಸಾಮಿಯಲ್ಲ. ಆಫೀಸಿಗೆ ಬೀಗ ಹಾಕಿ ಕಾರಿನವರೆಗೆ ನಡೆದು, ಮತ್ತೆ ಬಂದು ಬಾಗಿಲು ಎಳೆದು ನೋಡುವನು. ನನ್ನನ್ನು ಬಸ್ ಸ್ಟಾಪಿಗೆ ಬಿಡುವವನೂ ಅವನೇ, ಬಸ್ಸಿಗೆ ತಡವಾಗಿ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವನು ಬರೆದ ಒಂದು ಸ್ಕ್ರಿಪ್ಟ್ ಇತ್ತು. ಎಂದರೆ, ಕಂಪ್ಯೂಟರ್ ತಾನೇ ಓದಿಕೊಂಡು ನಡೆಸುವ ಒಂದಿಷ್ಟು ಆಜ್ಞೆಗಳು. ಪರೀಕ್ಷೆಯಲ್ಲಿ ಏನಾದರೂ ಕಂಡು, ಮತ್ತೆ ಡಾಕ್ಟರನ್ನು ಕಾಣಬೇಕಾದವರ ಪಟ್ಟಿ ಸಿಡ್ನಿಯ ನಮ್ಮ ಶಾಖೆಯಿಂದ ದಿನಾ ಬರುತ್ತಿತ್ತು, ಒಬ್ಬರಿಗೆ ಒಂದು ಸಾಲು. ಸ್ಕ್ರಿಪ್ಟ್ ಒಂದೊಂದೇ ಸಾಲು ಓದಿ, ದೊಡ್ಡ ಫೈಲಿನಲ್ಲಿ ಅವರ ವಿಳಾಸ ಹುಡುಕಿ, ಲೆಟರ್ ಪ್ರಿಂಟ್ ಮಾಡುತ್ತಿತ್ತು. ಆಮೇಲೆ ಬಂದ ಸಾಲೆಷ್ಟು, ಹೋದ ಲೆಟರ್ ಎಷ್ಟು ಎಂದು ತೋರಿಸುತ್ತಿತ್ತು. ಮೂವತ್ತೊಂದಕ್ಕೆ ಮೂವತ್ತೊಂದು. ಅದನ್ನು ನೋಡಿಕೊಂಡೇ ಸಿದ್ದು ಟೀ ಕುಡಿಯಲು ಏಳುತ್ತಿದ್ದದ್ದು.

ಎರಡು ಸಾವಿರದ ಏಳರ ಅಕ್ಟೋಬರಿನಲ್ಲಿ ಸಿಡ್ನಿಯ ಗಿರಾವೀನ್‌ನಿಂದ ಪ್ರಮೋದ್ ಎಂಬವನ ಫೋನ್ ಬಂತು. ತಾಯಿ ಚಿನ್ನಮ್ಮನಿಗೆ ಗರ್ಭಕೋಶದ ಕ್ಯಾನ್ಸರ್, ಕೈ ಮೀರಿದೆ. 'ಫೆಬ್ರವರಿಯಲ್ಲೇ ಬರಹೇಳಿ ಲೆಟರ್ ಬಂದಿರಬೇಕಲ್ಲ, ಯಾಕೆ ಬರಲಿಲ್ಲ?' ಎಂದು ಆಸ್ಪತ್ರೆಯವರು ಕೇಳಿದರಂತೆ. ನಾನು ಫೆಬ್ರವರಿಯಲ್ಲಿ ಅವಳ ಫಲಿತಾಂಶ ಬಂದ ದಿನದ ಲೆಕ್ಕ ತೆಗೆದು ನೋಡಿ, "ಎಲ್ಲ ಲೆಟರೂ ಹೋಗಿದೆ ಸರ್" ಎಂದೆ. ಅವನು ಫೋನ್ ಹಿಡಿದುಕೊಂಡೇ ಹೆಂಡತಿಯ ಮೇಲೆ ಕನ್ನಡದಲ್ಲಿ ಹರಿಹಾಯ್ದ: "ಕೇಳಿಸ್ತಾ ಹರ್ಷಿತಾ? ಕಳ್ಸಿದಾರಂತೆ! ಜಂಕ್ ಮೇಲ್ ಜೊತೆ ನೀನೇ ಬಿಸಾಕಿರ್ತೀಯ. ನಮ್ಮಮ್ಮನ್ನ ಕೊಂದಿದ್ದು ನೀನೇ."

ದೇವಾ! ಫೋನ್ ಇಟ್ಟವಳೇ ಸಿದ್ದುವಿಗೆ ಹೇಳಿದೆ.

ಅವನು ಆ ದಿನದ ಪಟ್ಟಿ ತೆಗೆದ. ಚಿನ್ನಮ್ಮನ ಸಾಲು ಇತ್ತು. ದೊಡ್ಡ ಫೈಲಿನಲ್ಲಿ ವಿಳಾಸವೂ ಸರಿಯಾಗಿತ್ತು. ಅವಳ ನಂಬರ್ ಒಂದನ್ನೇ ಕೊಟ್ಟರೆ ಲೆಟರ್ ಬಂತು. ಇಡೀ ಪಟ್ಟಿ ಕೊಟ್ಟರೆ ಬರಲಿಲ್ಲ. ಮಧ್ಯಾಹ್ನದ ಊಟವನ್ನೂ ಬಿಟ್ಟು, ಓದಿದ ಪ್ರತಿ ಸಾಲನ್ನೂ ಪರದೆಯ ಮೇಲೆ ತೋರಿಸುವಂತೆ ಮಾಡಿದ. ಪಟ್ಟಿಯಲ್ಲಿ ಅವಳಿಗಿಂತ ಮೊದಲಿದ್ದ ಹೆಸರಿನವರೆಗೆ ಬಂದು ಸ್ಕ್ರಿಪ್ಟ್ ನಿಂತಿತು. ಅವಳದು ಪಟ್ಟಿಯ ಕೊನೆಯ ಸಾಲು. ಅದರ ತುದಿಗೆ, ಸಾಲು ಮುಗಿಯಿತೆಂದು ತಿಳಿಸುವ ಎಂಟರ್ ಇರಲಿಲ್ಲ. ಸಿದ್ದು ಒಂದು ಸಲ ಎಂಟರ್ ಒತ್ತಿ ಮತ್ತೆ ಓಡಿಸಿದ. ಲೆಟರ್ ಬಂತು.

"ಎಂತ ಮಾರಾಯ, ಒಂದು ಎಂಟರಾ?" ಎಂದೆ.

"ಹೌದ್ರೀ ಆಂಟಿ. ಎಂಟರ್ ಇಲ್ಲಂದ್ರ ಅದು ಆ ಸಾಲು ಬಿಟ್ಟುಬಿಡತೈತಿ. ಫೆಬ್ರವರಿಯಾಗ ಸಿಡ್ನಿಯಾಗ ಹೊಸ ಪ್ರೋಗ್ರಾಮ್ ಬಂತಲ್ರೀ, ಅದು ಕೊನೀ ಸಾಲಿಗೆ ಎಂಟರ್ ಹಾಕೂದಿಲ್ಲ."

"ಮತ್ತೆ ಲೆಕ್ಕ ಸರಿಯಾಗಿ ಬರ್ತಿತ್ತಲ್ಲ?"

"ಎಣಿಸೋ ಕಮಾಂಡೂ ಎಂಟರ್ ಅಷ್ಟ ಎಣಸತೈತ್ರೀ. ಮೂವತ್ತೆರಡು ಮಂದಿ ಇದ್ರೂ ಮೂವತ್ತೊಂದು ಅಂತೈತಿ. ದಿನಾ ನಾ ಅದನ್ನ ನೋಡಿ ನಂಬ್ಕೊಂಡು ಕುಂತೆ."

ಫೆಬ್ರವರಿಯಿಂದೀಚೆಗಿನ ಪಟ್ಟಿಗಳನ್ನೆಲ್ಲ ತೆಗೆದ. ಕೊನೆಯ ಸಾಲುಗಳನ್ನು ನಾನು ಓದುತ್ತಾ ಹೋದೆ. ಅನ್ನಪೂರ್ಣವ್ವ, ರಾಜಣ್ಣ, ಜಯಲಕ್ಷ್ಮಿ. ಹೆಚ್ಚಿನವರು ನಮ್ಮವರೇ. ಅದಕ್ಕೆ ಕಾರಣ ನಾನು. ನಮ್ಮಂಥ ಕ್ರಿಶ್ಚನರಿಗೆ ಸರ್‌ನೇಮ್ ಇರುತ್ತದೆ, ಚಿನ್ನಮ್ಮನಂಥವರ ಪಾಸ್‌ಪೋರ್ಟಿನಲ್ಲಿ ಆ ಜಾಗ ಖಾಲಿ. ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಕ್ಕೆ ಹೋಗುವುದಿಲ್ಲ. 'ಎರಡು ಝಡ್ ಹಾಕಿ, ಕೆಲಸ ಮುಗಿಸಿ' ಎಂದು ಸಿಡ್ನಿಯ ಹುಡುಗಿಯರಿಗೆ ಹೇಳಿಕೊಟ್ಟವಳು ನಾನೇ. ಪಟ್ಟಿ ಸರ್‌ನೇಮಿನ ಪ್ರಕಾರ ಸಾಲಾಗಿ ನಿಂತಾಗ ಅವರೆಲ್ಲ ತಳಕ್ಕೆ ಹೋಗಿ ಬೀಳುತ್ತಿದ್ದರು.

ತಪ್ಪಿಹೋದವರಿಗೆಲ್ಲ ಅವತ್ತೇ ಲೆಟರ್ ಹೋಯಿತು. ಚಿನ್ನಮ್ಮನ ವಿಷಯಕ್ಕೆ ಮ್ಯಾನೇಜರ್ ಸಿದ್ದುವನ್ನು ಒಳಗೆ ಕರೆದಳು. ವಕೀಲರು ನೋಡಿಕೊಳ್ಳುತ್ತಾರೆ, ಆ ಮನೆಯವರ ಜೊತೆ ಯಾರೂ ಮಾತಾಡಕೂಡದು, ನಿನ್ನ ಪಿಆರ್ ನೆನಪಿರಲಿ ಎಂದಳಂತೆ. ಹೊರಗೆ ಬಂದವನು, "ಆ ಮನಿಗೆ ಹೋಗಿ ಹೇಳಬೇಕ್ರೀ ಆಂಟಿ" ಎಂದ.

"ಬಾಯಿ ಮುಚ್ಚಿ ಕೂತ್ಕೊ," ಎಂದು ಬೈದೆ. "ನೀನು ಹೇಳಿದ್ರೆ ಆ ಹೆಂಗಸು ಬದುಕ್ತಾಳಾ?"

"ಅವ್ರು ಬದುಕೂದಿಲ್ರೀ ಆಂಟಿ. ಆದ್ರ ಆ ಸೊಸಿ ಇನ್ನೂ ಬಾಳ್ವೆ ಮಾಡಬೇಕಲ್ರೀ ಆ ಮನ್ಯಾಗ."

ಮೂರು ವಾರ ಒದ್ದಾಡಿದ. ಊಟ ಸೇರಲಿಲ್ಲ, ಕಣ್ಣು ಗುಳಿ ಬಿದ್ದವು. ನಾಲ್ಕನೇ ಶನಿವಾರ ಸಿಡ್ನಿಗೆ ಹೊರಟೇ ಬಿಟ್ಟ. ಇದರಿಂದ ಅವನ ಕೆಲಸ ಹೋಯಿತು, ವೀಸಾ ಹೋಯಿತು, ಈಗ ರಾಣೆಬೆನ್ನೂರಿನಲ್ಲಿ ಕಂಪ್ಯೂಟರ್ ಕಲಿಸಿಕೊಂಡಿದ್ದಾನೆ. ಅದನ್ನು ಈಗಲೇ ಹೇಳಿ ಮುಗಿಸುತ್ತೇನೆ, ಆಮೇಲೆ ನನಗೆ ಹೇಳಲಾಗುವುದಿಲ್ಲ. ಅವನೊಬ್ಬನನ್ನೇ ಕಳಿಸಲು ಮನಸ್ಸಾಗದೆ, ಸಿಡ್ನಿಯಲ್ಲಿರುವ ತಂಗಿ ಜೋವಿಟಾಳನ್ನು ನೋಡುವ ನೆಪದಲ್ಲಿ ನಾನೂ ಹೋದೆ.

ಚಿನ್ನಮ್ಮನ ಮನೆಯ, ಕರ್ಟನ್ ಎಳೆದ ಹಾಲ್. ಚಿನ್ನಮ್ಮ ಸೋಫಾದ ಮೇಲೆ ಮಲಗಿದ್ದರು, ಕೈ ಕಡ್ಡಿಯಾಗಿತ್ತು. ಲ್ಯಾಬಿನವರು ಎಂದು ಗೊತ್ತಾದರೂ, "ಕನ್ನಡದೋರಾ? ಕೂತ್ಕೊಳ್ಳಿ ಕಣಪ್ಪ" ಎಂದರು. ಹರ್ಷಿತಾ ಕಾಫಿ ತಂದಿಟ್ಟಳು. ಅತ್ತೆ ಮುಖ ಅತ್ತ ತಿರುಗಿಸಿದರು. ಪ್ರಮೋದ್ ಅವಳು ಕೊಟ್ಟ ಲೋಟವನ್ನು ಮುಟ್ಟಲಿಲ್ಲ.

ಸಿದ್ದು ಕೂರಲಿಲ್ಲ. "ಆ ಲೆಟರ್ ಬರಲೇ ಇಲ್ರೀ," ಎಂದ. "ಪ್ರಿಂಟ್ ಆಗಿದ್ರ ಬರ್ತಿತ್ತು. ನಾ ಬರದ ಪ್ರೋಗ್ರಾಮಿನಾಗ ತಪ್ಪಿತ್ತು. ಅಮ್ಮಾರ ಹೆಸರು ಬಿಟ್ಟುಹೋತು. ತಪ್ಪೆಲ್ಲಾ ನಂದ."

ಝಡ್ ಝಡ್ ಸುದ್ದಿ ಎತ್ತಲಿಲ್ಲ. ನಾನೂ ಎತ್ತಲಿಲ್ಲ. ನಾಚಿಕೆಗೆಟ್ಟವಳು, ಕಾಫಿ ಲೋಟ ಹಿಡಿದು ಕೂತಿದ್ದೆ.

ಪ್ರಮೋದ್ ಎದ್ದು ಬಂದು ಅವನ ಕಾಲರ್ ಹಿಡಿದ. ಹೊಡೆಯಲಿಲ್ಲ. ಸ್ವಲ್ಪ ಹೊತ್ತು ಹಿಡಿದುಕೊಂಡಿದ್ದು, ಬಿಟ್ಟು, ಗೋಡೆಗೆ ಒರಗಿ ನಿಂತ. ಅಳುತ್ತಿದ್ದ. ಹೆಂಡತಿಯ ಕಡೆ ನೋಡಲು ಅವನಿಗೆ ಆಗಲಿಲ್ಲ.

ಹರ್ಷಿತಾ ಕೇಳಿದಳು, "ಕವರ್ ಬಿಳೀದು ಅಲ್ವಾ?"

"ಕವರೇ ಇರ್ಲಿಲ್ರೀ ಅಕ್ಕಾರ."

"ಇಲ್ಲ, ಇತ್ತು. ಬಿಳೀ ಕವರ್. ನಾನು ಅದನ್ನ ಹರಿದು ಬಿನ್‌ಗೆ ಹಾಕಿದ್ದು ನಂಗೆ ನೆನಪಿದೆ. ದಿನಾ ಇವರು ಕೇಳಿ ಕೇಳಿ, ನಂಗೇ ನೆನಪಿಗೆ ಬಂದಿತ್ತು. ದೇವರ ಮುಂದೆ ತಪ್ಪಾಯ್ತು ಅಂತಾನೂ ಹೇಳಿದ್ದೆ."

ಸಿದ್ದು ಕೈ ಮುಗಿದ. "ಇಲ್ರೀ. ಅಂಥಾ ಕವರ್ ನಿಮ್ಮನಿಗೆ ಬಂದೇ ಇಲ್ಲ."

ಅವಳು ಸೋಫಾದ ಹತ್ತಿರ ಹೋಗಿ, ಆ ಕಡೆ ಮುಖ ಮಾಡಿ ಮಲಗಿದ್ದ ಅತ್ತೆಯ ಭುಜ ಹಿಡಿದು, ಮೆಲ್ಲಗೆ ತನ್ನ ಕಡೆಗೆ ತಿರುಗಿಸಿಕೊಂಡಳು. ಆಮೇಲೆ ಸಿದ್ದುವಿಗೆ ಹೇಳಿದಳು:

"ಇನ್ನೊಂದ್ಸಲ ಹೇಳಿ. ಅತ್ತೆಗೆ ಕೇಳಿಸೋ ಹಾಗೆ, ಜೋರಾಗಿ ಹೇಳಿ."