ಲೆಮ್ಯುಯೆಲ್ ಚಿಕ್ಕಪ್ಪ ಕೊಡದ ಚೆಂಡು

ನಮ್ಮ ಲೆಮ್ಯುಯೆಲ್ ಚಿಕ್ಕಪ್ಪ ಮೊದಲು ಇಟ್ಟಿಗೆ ಭಟ್ಟಿಯ ಕೆಲಸಗಾರ. ಹಸಿ ಮಣ್ಣನ್ನು ಅಚ್ಚಿಗೆ ಬಡಿದು ಬಡಿದು ಅವನ ಬೆರಳುಗಳು ಬೇರಿನಂತಾಗಿದ್ದವು. ಅಂಥ ಕೈ ನೋಡಿಯೇ ಊರಿನ ಬೇಸ್‌ಬಾಲ್ ತಂಡ ಸಂಬಳ ಕೊಟ್ಟು ಅವನನ್ನು ಚೆಂಡೆಸೆಯಲು ಇಟ್ಟುಕೊಂಡಿತು. ಅಲ್ಲಿಂದ ಆರು ವರ್ಷಗಳಲ್ಲಿ ತಾನು ಶುರು ಮಾಡಿದ ಯಾವ ಆಟವನ್ನೂ ಅವನು ನಡುವೆ ಬಿಟ್ಟವನಲ್ಲ. ಬಿಟ್ಟರೆ ನಮ್ಮ ಒಹಾಯೊದಲ್ಲಿ ಅವಮಾನ. ಆಗಿನ ನಿಯಮದಲ್ಲಿ ಸುಮ್ಮನೆ ಹೋಗಿ ಕೂರುವ ಹಾಗೂ ಇಲ್ಲ. ಮೈದಾನದ ಬಲ ಅಂಚಿನಲ್ಲಿರುವವನ ಕೈಗೆ ಚೆಂಡು ಕೊಟ್ಟು, ಅವನ ಜಾಗದಲ್ಲಿ ತಾನು ಹೋಗಿ ಎಲ್ಲರ ಕಣ್ಣೆದುರು ನಿಲ್ಲಬೇಕು.

ಆ ಶನಿವಾರ ಬಲ ಅಂಚಿನಲ್ಲಿ ನಿಂತಿದ್ದವನು ಹೊಸಬ ವಾರೆನ್ ಪೈಕ್, ಇಪ್ಪತ್ತೆರಡರ ಪ್ರಾಯ. ಚಿಕ್ಕಪ್ಪನಿಗೆ ಮೂವತ್ತಾರು. ಇವತ್ತು ಚೆಂಡು ಪೈಕ್ ಕೈಗೆ ಹೋದರೆ ಸೋಮವಾರದಿಂದ ನೀನು ಮತ್ತೆ ಭಟ್ಟಿಗೆ ಎಂದು ಮ್ಯಾನೇಜರ್ ಕ್ರಂಬೀ ಬೆಳಿಗ್ಗೆಯೇ ಹೇಳಿಬಿಟ್ಟಿದ್ದ.

ಒಂಬತ್ತನೇ ಇನ್ನಿಂಗ್ಸ್, ಕೊನೆಯದು. ನಮ್ಮವು ಐದು ರನ್, ಪಕ್ಕದ ಊರಿನವರವು ನಾಲ್ಕು. ಅವರಲ್ಲಿ ಇನ್ನಿಬ್ಬರನ್ನು ಔಟ್ ಮಾಡಿದರೆ ಗೆಲುವು. ಆದರೆ ಚಿಕ್ಕಪ್ಪನ ತೋಳು ಜೋತುಬಿದ್ದಿತ್ತು. ಕ್ರಂಬೀ ಗೆರೆಯ ತನಕ ಬಂದ.

"ಸಾಕು ಲೆಮ್, ಪೈಕ್‌ಗೆ ಕೊಡು. ನಿನ್ ಕೈ ಹಗ್ಗದ ಮೇಲೆ ಒಣಗ್ಹಾಕಿದ ಟವಲ್ ಆಗ್ಹೋಗಿದೆ."

"ಹಂಗಾದ್ರೆ ಒಣಗೋ ತನಕ ಬಿಡಿ ಯಜಮಾನ್ರೆ."

ಮುಂದಿನ ಎಸೆತವನ್ನು ಎದುರಾಳಿ ವಾರೆಯಾಗಿ ಗೆರೆಯಾಚೆ ಬಾರಿಸಿದ, ಅದು ರನ್ನಿಗೆ ಲೆಕ್ಕವಿಲ್ಲ. ಚೆಂಡು ಬೇಲಿ ಹಾರಿ ಭಟ್ಟಿಯವರು ಮಣ್ಣು ತೆಗೆದ ಹೊಂಡಕ್ಕೆ ಬಿತ್ತು. ಇಡೀ ಆಟಕ್ಕೆ ಒಂದೇ ಚೆಂಡು. ಕಳೆದರೆ ಐದು ನಿಮಿಷ ಹುಡುಕಬೇಕು, ಸಿಗದಿದ್ದರೆ ಮಾತ್ರ ಅಂಪೈರ್ ಹೊಸದನ್ನು ಬಿಚ್ಚುತ್ತಾನೆ. ಎದುರಾಳಿ ಕ್ಯಾಪ್ಟನ್ ಸ್ಟಾಬ್ಸ್‌ಗೆ ಆಸೆ ಹುಟ್ಟಿತು. ಹಳೆಯದು ನಾದಿದ ಹಿಟ್ಟಿನಂತೆ ಮೆತ್ತಗಾಗಿತ್ತು, ಹೊಸದಾದರೆ ಹೊಡೆದಷ್ಟೂ ಹಾರುತ್ತದೆ. ಯಾರೂ ಹುಡುಕಬೇಡಿ ಎಂದು ತನ್ನವರಿಗೆ ಹೇಳಿದ. ಅವರು ಹುಲ್ಲಿನ ಮೇಲೆ ಕುಳಿತು ಹೊಗೆಸೊಪ್ಪು ಜಗಿಯತೊಡಗಿದರು.

ಅಷ್ಟರಲ್ಲಿ ಹೆಸ್ಟರ್ ಚಿಕ್ಕಮ್ಮ ಭಟ್ಟಿಗೆ ಓಡಿ, ಬಿಸಿ ಇಟ್ಟಿಗೆಯೊಂದನ್ನು ಶಾಲಿನಲ್ಲಿ ಸುತ್ತಿ ತಂದಳು. ಚಿಕ್ಕಪ್ಪ ನೆಲದಲ್ಲಿ ಕುಳಿತು ಅದರ ಮೇಲೆ ತೋಳಿಟ್ಟ. ನಾನು ಲಂಗ ಎತ್ತಿ ಕಟ್ಟಿ ಹೊಂಡಕ್ಕಿಳಿದೆ. ಕೆಸರಿನಲ್ಲಿ ಚೆಂಡು ನನ್ನ ಕಾಲಿಗೇ ಸಿಕ್ಕಿತು. ಅಂಪೈರನ ಗಡಿಯಾರದಲ್ಲಿ ಇನ್ನೂ ಅರ್ಧ ನಿಮಿಷ ಉಳಿದಿತ್ತು.

ಇದರಲ್ಲಿ ಆಡಲು ಆಗದು ಎಂದು ಸ್ಟಾಬ್ಸ್ ಜಗಳ ತೆಗೆದ.

"ಹುಡುಕ್ಬೇಕಾದಾಗ ಕೂತ್ಕೊಂಡ್ರಿ," ಎಂದಳು ಚಿಕ್ಕಮ್ಮ. "ಈಗ ಎದ್ದು ಆಡ್ರಪ್ಪ."

ನೀರು ಕುಡಿದು ಭಾರವಾದ, ಮೈತುಂಬ ಜೇಡಿ ಮೆತ್ತಿದ ಚೆಂಡನ್ನು ಚಿಕ್ಕಪ್ಪ ಅಂಗೈಯಲ್ಲಿ ತಿರುಗಿಸಿದ. ಮುಖದಲ್ಲಿ ನಗು ಬಂತು. ಅವನ ಬೆರಳಿಗೆ ಭಟ್ಟಿಯ ದಿನಗಳಿಂದ ಗೊತ್ತಿದ್ದ ಹಸಿ ಮಣ್ಣಿನ ತೂಕ ಅದು. ಎಸೆದರೆ ಚೆಂಡು ಕೊನೆಗಳಿಗೆಯಲ್ಲಿ ಧಪ್ಪನೆ ಕೆಳಗೆ ಜಾರುತ್ತಿತ್ತು. ಮೊದಲನೆಯವನು ಮೂರು ಸಲವೂ ಗಾಳಿಗೆ ಬೀಸಿ ಔಟಾಗಿ ಹೋದ. ಆಮೇಲೆ ಬಂದವನು ಸ್ಟಾಬ್ಸ್. ಮೈಯ ಬಲವನ್ನೆಲ್ಲ ಹಾಕಿ ಬಾರಿಸಿದ. ಚೆಂಡು ನಾಲ್ಕು ಹೆಜ್ಜೆ ಉರುಳಿ ಮಣ್ಣುಂಡೆಯಂತೆ ನಿಂತಿತು. ಸ್ಟಾಬ್ಸ್ ಓಡಿ ತಲುಪುವಷ್ಟರಲ್ಲಿ ಚಿಕ್ಕಪ್ಪ ಅದನ್ನು ಎತ್ತಿ ಮೊದಲ ಬೇಸಿನಲ್ಲಿದ್ದ ನಮ್ಮವನಿಗೆ ಎಸೆದ. ಔಟ್. ಆಟ ಮುಗಿಯಿತು.

ಪೈಕ್ ಬಲ ಅಂಚಿನಿಂದ ಓಡಿ ಬಂದು ಎಲ್ಲರಿಗಿಂತ ಮೊದಲು ಚಿಕ್ಕಪ್ಪನನ್ನು ಎತ್ತಿಕೊಂಡ. ಕೆಳಗಿಳಿದಾಗ ಚೆಂಡು ಮತ್ತೆ ಚಿಕ್ಕಪ್ಪನ ಮುಷ್ಟಿಯಲ್ಲಿತ್ತು. ಕ್ರಂಬೀ ಅಭ್ಯಾಸಬಲದಿಂದ ಕೈ ಚಾಚಿದ. ಚಿಕ್ಕಪ್ಪ ಕೊಡಲಿಲ್ಲ.

"ಇಟ್ಕೊ ಮಾರಾಯ," ಎಂದ ಕ್ರಂಬೀ. "ಸೋಮವಾರದ ಆಟಕ್ಕೆ ಹೊಸದು ತರ್ತೀನಿ. ಎಸ್ಯೋನು ನೀನೇ."