ಅತ್ತೆಯ ಕೈ, ನನ್ನ ಬಳೆ

ಜನರ ನಿಜದ ಬದುಕು ತೋರಿಸುವ ಸಿನಿಮಾಕ್ಕೆ ಸಾಕ್ಷ್ಯಚಿತ್ರ ಎನ್ನುತ್ತಾರೆಂದು ನನಗೆ ಗೊತ್ತಾದದ್ದು ಮುದುಕಿಯಾದ ಮೇಲೆ. ಕೇಳಿ ನಗು ಬಂತು, ಆಮೇಲೆ ಸಿಟ್ಟೂ ಬಂತು. ನಮ್ಮ ಮನೆಯಲ್ಲಿ ತೆಗೆದ ಚಿತ್ರದಲ್ಲಿ ಮುಖ ನನ್ನದು, ಕೈ ಅತ್ತೆಯದು, ದನಿ ಯಾವೂರಿನವನೋ ಗೊತ್ತಿಲ್ಲದ ಗಂಡಸಿನದು. ಇದರಲ್ಲಿ ಯಾರಿಗೆ ಯಾರು ಸಾಕ್ಷಿ?

ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವು. ಕುರಿ ಸಾಕುವವರ ಬದುಕನ್ನು ಇದ್ದದ್ದು ಇದ್ದ ಹಾಗೆ ತೆಗೆಯುತ್ತೇವೆ ಎಂದು ಮುಂಬೈ ಕಡೆಯ ಮೂವರು ಮರಾಠಿ ಗಡಿಯ ಹಳ್ಳಿ ಮುಚ್ಚಂಡಿಯ ನಮ್ಮ ಮನೆಗೆ ಬಂದರು. ಇದ್ದ ಹಾಗೆ ಎಂದರೆ ನಮ್ಮವರಿಗೆ ಹೇಗೆ ತಿಳಿಯಬೇಕು? ಫೋಟೋ ಎಂದರೆ ಮದುವೆಯ ಲೆಕ್ಕ. ನನ್ನ ಗಂಡನ ಅಣ್ಣ, ಅಂದರೆ ಭಾವ, ಹೊಸ ರುಮಾಲು ಸುತ್ತಿದರು. ಕುರಿಗಳ ಹಣೆಗೂ ಭಂಡಾರದ ಅರಿಸಿನ ಹಚ್ಚಿದ್ದಾಯಿತು. ದಿನಾ ರಾಟಿಯಲ್ಲಿ ಉಣ್ಣೆ ನೂಲುವವರು ಯಾರು ಎಂದು ನಿರ್ದೇಶಕ ಕೇಳಿದಾಗ, ನನಗೆ ಇಳಕಲ್ಲ ಸೀರೆ ಉಡಿಸಿ ತಂದು ಕೂರಿಸಿದರು. ನಿಜವಾಗಿ ಮನೆಯ ಉಣ್ಣೆಯನ್ನೆಲ್ಲ ನೂಲುತ್ತಿದ್ದವರು ಅತ್ತೆ. ಆದರೆ ಮಾವ ತೀರಿಕೊಂಡಿದ್ದರು. ಶುಭಕಾರ್ಯದಲ್ಲಿ ಗಂಡ ಸತ್ತವಳು ಮುಂದೆ ಬರಬಾರದೆಂದು ಅವರೇ ಎಲ್ಲರಿಗಿಂತ ಮೊದಲು ಒಳಗೆ ಸರಿದಿದ್ದರು.

ದೂರದಿಂದ ನನ್ನನ್ನು ತೆಗೆದದ್ದು ಸಲೀಸಾಗಿ ಮುಗಿಯಿತು. ಕ್ಯಾಮೆರಾ ಹತ್ತಿರ ತಂದು ಬೆರಳುಗಳನ್ನಷ್ಟೇ ತೆಗೆಯಲು ಹೊರಟಾಗ ನನ್ನ ಬಣ್ಣ ಬಯಲಾಯಿತು. ಎಳೆ ಹರಿಯಿತು, ಗಂಟು ಹಾಕಿದರೆ ಮತ್ತೆ ಹರಿಯಿತು. ಬಾಗಿಲ ಮರೆಯಲ್ಲಿದ್ದ ಅತ್ತೆಗೆ ತಡೆಯಲಾಗಲಿಲ್ಲ.

"ಉಣ್ಣಿ ಹಂಗ ಜಗ್ಗಬಾರ್ದು ಯವ್ವಾ, ಸರಿ ಇತ್ಲಾಗ," ಎಂದು ಹೊರಗೆ ಬಂದೇಬಿಟ್ಟರು.

ಅವರು ನೂತದ್ದನ್ನು ನೋಡಿ ನಿರ್ದೇಶಕನ ಮುಖ ಅರಳಿತು. ಮೊದಲಿನಿಂದ ಅವರನ್ನೇ ತೆಗೆಯಬೇಕಿತ್ತು ಎಂದು ತಲೆ ಕೆರೆದುಕೊಂಡ. ಅಷ್ಟಕ್ಕೆ ರೀಲು ಉಳಿದಿರಲಿಲ್ಲ. ಕೈಯನ್ನಷ್ಟೇ ತೆಗೆದು ನನ್ನ ಮುಖಕ್ಕೆ ಜೋಡಿಸೋಣವೆಂದರೆ, ನನ್ನದು ಕೈತುಂಬ ಹಸಿರು ಬಳೆ, ಅವರದು ಬರಿಗೈ. "ಇವಳ ಬಳೆ ಅವರಿಗೆ ಹಾಕಿ," ಎಂದ ಮರಾಠಿಯಲ್ಲಿ, ಟೋಪಿ ಬದಲಿಸಿದಷ್ಟು ಹಗುರವಾಗಿ.

ಭಾವ ಕೆಂಡವಾದರು. "ನಮ್ಮವ್ವನ ಕೈಗೆ ಬಳಿ? ಸಾಮಾನ ಕಟ್ಟಿಕೊಂಡು ನಡೀರಿ ಇಲ್ಲಿಂದ!"

ಅತ್ತೆ ರಾಟಿ ಬಿಟ್ಟು ಏಳಲಿಲ್ಲ. ನನ್ನತ್ತ ಕೈ ಚಾಚಿದರು. "ನೂಲೋ ಕೆಲಸ ಕೆಟ್ಟ ಕಾಣಬಾರ್ದು. ಹಾಕು."

ನನ್ನ ಕೈ ಬರಿದಾಗಬಾರದೆಂದು ಒಂದೊಂದು ಬಳೆ ಉಳಿಸಿಕೊಂಡು, ಮಿಕ್ಕವನ್ನು ಎಣ್ಣೆ ಸವರಿ ಅವರಿಗೆ ಏರಿಸಿದೆ. ರಾಟಿ ತಿರುಗಿತು, ಬಳೆ ಒಂದಕ್ಕೊಂದು ತಾಗಿ ಸಪ್ಪಳ ಮಾಡತೊಡಗಿದವು. ಕ್ಯಾಮೆರಾ ನಿಂತ ಮೇಲೂ ಅತ್ತೆ ನಿಲ್ಲಿಸಲಿಲ್ಲ. ತಲೆ ತಗ್ಗಿಸಿಕೊಂಡು ನೂಲುತ್ತಲೇ ಇದ್ದರು.

"ಸಾಕಲ್ಲ, ಲಗೂನ ತಗಿ ಅವನ್ನ," ಎಂದು ಭಾವ ನನ್ನನ್ನು ಗದರಿದರು. ತೆಗೆಯುವಾಗ ಅತ್ತೆ ಮೆಲ್ಲಗೆ, "ಈ ಸಪ್ಪಳ ಕೇಳಿ ಭಾಳ ವರ್ಷ ಆಗಿತ್ತ ನೋಡು," ಎಂದರು. ಇನ್ನೊಂದು ಗಳಿಗೆ ಬಳೆಯನ್ನು ಅವರ ಕೈಯಲ್ಲೇ ಬಿಟ್ಟಿದ್ದರೆ ಯಾರ ಗಂಟೇನು ಹೋಗುತ್ತಿತ್ತು?

ಮುಂದಿನ ಸುಗ್ಗಿ ಮುಗಿದ ಮೇಲೆ ಹತ್ತಿರದ ಶೇಗಾಂವಕ್ಕೆ ಆ ಚಿತ್ರ ತೋರಿಸಲು ಸರಕಾರಿ ವ್ಯಾನು ಬಂದು ಪರದೆ ಕಟ್ಟಿತು. ಗಾಡಿ ಹೂಡಿಕೊಂಡು ಹೋದೆವು. ಅತ್ತೆ ಎಂದೂ ಇಲ್ಲದ ಅವಸರದಲ್ಲಿ ಎಲ್ಲರಿಗಿಂತ ಮುಂದೆ ಹೋಗಿ ಕೂತರು. ಪರದೆಯ ಮೇಲೆ ನಾನು ನಕ್ಕೆ, ಮರುಕ್ಷಣ ಪರದೆ ತುಂಬ ಅವರ ಬೆರಳು. "ಎಂಥಾ ಕೈ ಐತಿ ಸೊಸಿದು!" ಎಂದು ಹಿಂದಿನಿಂದ ಯಾರೋ ಹೊಗಳಿದರು. ನಾಚಿಕೆಯಿಂದ ಸತ್ತೆ. ಅಲ್ಲ ಎನ್ನಲು ಬಾಯಿ ತೆರೆದರೆ ಅತ್ತೆ ತೊಡೆ ಚಿವುಟಿ ಸುಮ್ಮನಿರಿಸಿದರು. ಅವರ ಕಿವಿ ಬೇರೆ ಕಡೆ ಇತ್ತು. ಚಿತ್ರದಲ್ಲಿ ಒಂದು ಗಂಡು ದನಿ ಪೇಟೆಯ ಮರಾಠಿಯಲ್ಲಿ ಗ್ರಾಮೋದ್ಯೋಗದ ಹಿರಿಮೆ ಹೇಳುತ್ತಿತ್ತು, ಹಿಂದೆ ಕೊಳಲು. ಕ್ಯಾಮೆರಾ ಹಿಡಿದದ್ದು ಚಿತ್ರ ಮಾತ್ರ, ಮಾತು ಸಂಗೀತವೆಲ್ಲ ಆಮೇಲೆ ಮುಂಬೈಯಲ್ಲಿ ಕೂತು ಸೇರಿಸಿದ್ದು. ಅದು ನಮಗೆಲ್ಲಿ ಗೊತ್ತಿತ್ತು?

"ಬಳಿ ಸಪ್ಪಳ ಯಾಕ ಬರವಲ್ದು?" ಎಂದು ಅತ್ತೆ ಕೇಳಿದರು.

"ಅದನ್ನ ಅವ್ರು ಹಿಡಿದಿಲ್ಲಂತ ಕಾಣ್ತೈತ್ರಿ, ಅತ್ತಿ."

"ನಾ ಅದಕ್ಕಂತನ ಬಂದಿದ್ನೆವ್ವಾ," ಎಂದರು. ಚಿತ್ರ ಇನ್ನೂ ನಡೆದಿರುವಾಗಲೇ ಎದ್ದು, ಸೆರಗು ಹೊದ್ದುಕೊಂಡು ಗಾಡಿಯ ಕಡೆಗೆ ನಡೆದರು.