ಅಕ್ಕನ ಮೂಗು, ತಮ್ಮನ ಬಲೂನು

ಮೂಗಿರುವವರೆಗೂ ನೆಗಡಿ ತಪ್ಪಿದ್ದಲ್ಲ ಎನ್ನುವುದು ಲೋಕದ ಮಾತು. ಆದರೆ ಅಕ್ಕನಿಗೆ ನೆಗಡಿಯಾದದ್ದನ್ನು ಆ ಬೀದಿಯಲ್ಲಿ ಕಂಡವರಿಲ್ಲ. ಅವಳು ಡ್ರೈ ಕ್ಲೀನಿಂಗ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಗಿರಾಕಿಗಳು ತಂದ ಬಟ್ಟೆಯನ್ನು ಕೌಂಟರಿನ ಮೇಲೆ ಹರಡಿ, ಕಲೆ ಯಾವುದರದ್ದೆಂದು ಕಂಡುಹಿಡಿದು, ಚೀಟಿ ಬರೆದು ಪಿನ್ ಚುಚ್ಚಿ ಒಳಗೆ ಕಳಿಸಬೇಕು. ಉಳಿದವರು ಕಲೆಯನ್ನು ಬೆಳಕಿಗೆ ಹಿಡಿದು ನೋಡಿದರೆ ಅಕ್ಕ ಮೂಗಿಗೆ ಹಿಡಿಯುತ್ತಿದ್ದಳು. ಚಹಾ, ಮೊನ್ನೆಯದು. ಬಾಗಿಲಿನ ಬಣ್ಣ, ಪೂರ್ತಿ ಆರಿಲ್ಲ. ಮಗು ಕಕ್ಕಿದ ಹಾಲು. ತಪ್ಪಿದ್ದೇ ಇಲ್ಲ. ಬೀದಿಯವರೆಲ್ಲ ಅವಳನ್ನು ಅಕ್ಕ ಎಂದೇ ಕರೆಯುತ್ತಿದ್ದರು, ಆದರೆ ಅವಳು ನಿಜಕ್ಕೂ ಅಕ್ಕನಾಗಿದ್ದದ್ದು ಒಬ್ಬನಿಗೆ. ಅವಳ ಮೂಗಿಗೆ ಬಿಡುವು ಕೊಡದವನೂ ಆ ಒಬ್ಬನೇ.

ತಮ್ಮ ಕ್ಷೌರದಂಗಡಿ ಇಟ್ಟವನು. ಅವನ ಕೈಯಲ್ಲಿರುವುದು ಕತ್ತಿಯೋ ನವಿಲುಗರಿಯೋ ಎಂದು ಗಿರಾಕಿಗಳು ಕೇಳುತ್ತಿದ್ದ ಕಾಲವೊಂದಿತ್ತು. ಆಮೇಲೆ ಕುಡಿತ ಹತ್ತಿಕೊಂಡಿತು. ಮೊದಲು ಅಂಗಡಿ ಮುಚ್ಚಿದ ಮೇಲೆ, ಆಮೇಲೆ ಮಧ್ಯಾಹ್ನದ ಊಟಕ್ಕೆ ಮುಂಚೆ, ಕೊನೆಗೆ ಅಂಗಡಿಯ ಬಾಗಿಲು ತೆಗೆಯುವುದಕ್ಕೂ ಧೈರ್ಯಕ್ಕೆಂದು ಒಂದು ಲೋಟ. ಏಟು ಬಿದ್ದದ್ದು ಭಾವನ ಮೀಸೆಗೆ. ಅಕ್ಕನ ಗಂಡ ಸರ್ಕಾರಿ ಗ್ರಂಥಾಲಯದಲ್ಲಿ ಮೂವತ್ತು ವರ್ಷ ಪುಸ್ತಕಗಳಿಗೆ ಮುದ್ರೆ ಒತ್ತಿದವರು, ಮೂವತ್ತು ವರ್ಷವೂ ಮೂಗಿನ ಕೆಳಗೆ ಒಂದು ಭರ್ಜರಿ ಮೀಸೆ ಸಾಕಿದವರು. ನಿವೃತ್ತಿಯ ದಿನ, ಎಲ್ಲರೊಡನೆ ಫೋಟೋ ತೆಗೆಸಿಕೊಳ್ಳುವ ಮುಂಚೆ ಮೀಸೆ ತಿದ್ದಿಸೋಣವೆಂದು ಭಾಮೈದನ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿದರು. ಕಣ್ಣು ಬಿಟ್ಟಾಗ ಎಡಗಡೆಯ ಮೀಸೆ ಇರಲಿಲ್ಲ. ಒಂದೇ ಕಡೆಯದನ್ನು ಇಟ್ಟುಕೊಂಡು ಹೋಗಲಾಗುತ್ತದೆಯೇ? ಬಲಗಡೆಯದೂ ಹೋಯಿತು. ಆ ಫೋಟೋ ನೋಡಿದವರು ಇವತ್ತಿಗೂ, ನಡುವೆ ಕೂತವರು ಯಾರು ಎಂದು ಕೇಳುತ್ತಾರೆ. ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುತ್ತಾರಲ್ಲ, ಇಲ್ಲಿ ಜಟ್ಟಿ ಕುರ್ಚಿಯಲ್ಲಿ ನೆಟ್ಟಗೇ ಕೂತಿದ್ದ, ಮಣ್ಣಾದದ್ದು ಮೀಸೆ.

ಆ ದಿನ ಭಾವ ಬೈಯಲಿಲ್ಲ. ಬೈದಿದ್ದರೆ ತಮ್ಮ ಇನ್ನೊಂದು ಲೋಟ ಕುಡಿದು ಮರೆಯುತ್ತಿದ್ದನೇನೋ. ಕನ್ನಡಿಯಲ್ಲಿ ಒಮ್ಮೆ ಮುಖ ನೋಡಿಕೊಂಡು, ಕೊರಳಿನ ಟವೆಲನ್ನು ಮಡಿಸಿಟ್ಟು ಎದ್ದು ಹೋದರು. ಸಂಜೆ ತಮ್ಮನೇ ಅಕ್ಕನ ಮುಂದೆ ಬಂದು ನಿಂತು, ಎಲ್ಲಿಗಾದರೂ ಸೇರಿಸು, ಇನ್ನು ನನ್ನ ಕೈಲಾಗದು ಎಂದ. ಎರಡು ತಿಂಗಳು ಚಿಕಿತ್ಸಾ ಕೇಂದ್ರದಲ್ಲಿದ್ದು ಬಂದವನನ್ನು ಅಕ್ಕ ತನ್ನ ಮನೆಯ ಹಿಂದಿನ ಕೋಣೆಯಲ್ಲಿ ಇಟ್ಟುಕೊಂಡಳು, ಅವನ ಅಂಗಡಿಯ ಬೀಗದ ಕೈಯನ್ನು ತನ್ನ ಚೀಲದಲ್ಲಿ ಇಟ್ಟುಕೊಂಡಳು. ಭಾವ ಬೇಡವೆನ್ನಲಿಲ್ಲ. ಮನೆಯಲ್ಲಿ ಇರಲಿ, ಹೊಟ್ಟೆ ತುಂಬ ಉಣ್ಣಲಿ, ಆದರೆ ಈ ಜನ್ಮದಲ್ಲಿ ನನ್ನ ಮುಖಕ್ಕೆ ಅವನ ಕತ್ತಿ ತಾಗಕೂಡದು ಎಂದರಷ್ಟೆ. ಮೀಸೆ ಮತ್ತೆ ಬೆಳೆಯಿತು. ಅದನ್ನು ತಿದ್ದಿಸಲು ಅವರು ಎರಡು ಬಸ್ ಬದಲಿಸಿ ಊರಿನ ಆಚೆ ತುದಿಗೆ ಹೋಗಿ ಬರುತ್ತಿದ್ದರು.

ತಮ್ಮನಿಗೆ ಕುಡಿತ ನಿಂತಿತ್ತು, ಕೈ ನಡುಗುವುದು ನಿಂತಿರಲಿಲ್ಲ. ಮೈಯ ನಡುಕ ಹೋಗಿದೆ, ಉಳಿದಿರುವುದು ಹೆದರಿಕೆ ಎಂದು ಡಾಕ್ಟರು ಹೇಳಿದ್ದರು. ಅವನ ಹದಿನಾರನೇ ವಯಸ್ಸಿನಲ್ಲಿ ಕೆಲಸ ಕಲಿಸಿದ ಮುದುಕರದು ಒಂದು ನಿಯಮವಿತ್ತು. ಊದಿದ ಬಲೂನಿಗೆ ಸೋಪಿನ ನೊರೆ ಹಚ್ಚಿ, ಬಲೂನು ಒಡೆಯದ ಹಾಗೆ ಕತ್ತಿಯಿಂದ ನೊರೆ ತೆಗೆಯಬೇಕು. ದಿನಕ್ಕೆ ಹತ್ತು. ಸಾಲಾಗಿ ನೂರು ಆಗುವವರೆಗೆ ಮನುಷ್ಯರ ಮುಖ ಮುಟ್ಟುವ ಹಾಗಿಲ್ಲ, ನಡುವೆ ಒಂದು ಒಡೆದರೂ ಮತ್ತೆ ಒಂದರಿಂದ. ನಲವತ್ತು ದಾಟಿದ ತಮ್ಮ ಅದೇ ನಿಯಮವನ್ನು ತನಗೆ ತಾನೇ ಹಾಕಿಕೊಂಡ.

ಅಲ್ಲಿಂದ ಆ ಮನೆಗೆ ಅಲಾರಂ ಬೇಕಾಗಲಿಲ್ಲ. ಹಿಂದಿನ ಕೋಣೆಯಲ್ಲಿ ಢಬ್ ಎಂದರೆ ಭಾವನ ಕೈಯಿಂದ ಪೇಪರು ಬೀಳುತ್ತಿತ್ತು, ಒಲೆಯ ಮುಂದೆ ಅಕ್ಕನ ಸೌಟು ನಿಲ್ಲುತ್ತಿತ್ತು. ಹೋಯಿತು, ಮತ್ತೆ ಒಂದನೇ ಕ್ಲಾಸು ಎನ್ನುತ್ತ ಭಾವ ಪೇಪರು ಎತ್ತಿಕೊಳ್ಳುತ್ತಿದ್ದರು. ಬಲೂನು ತರುತ್ತಿದ್ದದ್ದು ಮೂಲೆಯ ಆಟಿಕೆ ಅಂಗಡಿಯಿಂದ. ಅಂಗಡಿಯವನು ಪ್ರತಿ ಸಲವೂ ಯಾರ ಹುಟ್ಟುಹಬ್ಬ ಎಂದು ಕೇಳುವನು. ನಿಜ ಹೇಳಲು ಬಾಯಿ ಬಾರದೆ ಅಕ್ಕ ನಾದಿನಿಯದು ಎಂದಳು, ನಾದಿನಿಯ ಮಗಳದು ಎಂದಳು, ನೆಂಟರೆಲ್ಲ ಮುಗಿದ ಮೇಲೆ ಬೆಕ್ಕಿನದು ಎಂದಳು. ಅವಳ ಮನೆಯಲ್ಲಿ ಬೆಕ್ಕಿರಲಿಲ್ಲ.

ಇದರ ಜೊತೆಗೆ ಮೂಗಿನ ತಪಾಸಣೆ ಬೇರೆ. ತಮ್ಮ ಹೊರಗೆ ಹೋಗಿ ಬಂದರೆ ಸಾಕು, ಅಂಗಿಗೆ ದಾರ ಅಂಟಿದೆಯೆಂದು ಹತ್ತಿರ ಹೋಗಿ, ಹೆಗಲ ಮೇಲಿಂದ ಇಲ್ಲದ ದಾರ ತೆಗೆಯುತ್ತ ಉಸಿರೆಳೆದು ನೋಡುತ್ತಿದ್ದಳು. ಅಷ್ಟೂ ದಾರ ನಿಜವಾಗಿದ್ದಿದ್ದರೆ ಮನೆಮಂದಿಗೆಲ್ಲ ಹೊದಿಕೆ ನೇಯಬಹುದಿತ್ತು. ತಮ್ಮನಿಗೆ ಗೊತ್ತಾಗದೆ ಇರುತ್ತದೆಯೇ? ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಇವನು ಕದಿಯದೆಯೂ ಹೆಗಲು ಒಡ್ಡುತ್ತಿದ್ದ. ಹೊಸ್ತಿಲಲ್ಲೇ ನಿಂತು, ಕತ್ತು ವಾಲಿಸಿ, ಹೆಗಲು ಮುಂದೆ ಮಾಡಿ ಕಾಯುತ್ತಿದ್ದ. ಅಕ್ಕನಿಗೆ ನಾಚಿಕೆಯಾಗುತ್ತಿತ್ತು, ಆದರೂ ಬಿಡಲಾಗುತ್ತಿರಲಿಲ್ಲ. ಇನ್ನೊಮ್ಮೆ ಕುಡಿತಕ್ಕೆ ಬಿದ್ದರೆ ಅವನು ತನಗೆ ದಕ್ಕುವುದಿಲ್ಲ ಎಂಬ ಭಯ ಅವಳಿಗೆ.

ಎರಡು ತಿಂಗಳು ಒಡೆದೂ ಒಡೆದೂ ಕೊನೆಗೊಮ್ಮೆ ಲೆಕ್ಕ ತೊಂಬತ್ತಕ್ಕೆ ಬಂತು. ಅಕ್ಕನ ಸಂತೋಷಕ್ಕೆ ಕಡಿವಾಣ ಉಳಿಯಲಿಲ್ಲ. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎಂಬಂತೆ, ಸೋಮವಾರ ನಮ್ಮ ತಮ್ಮನ ಅಂಗಡಿ ತೆರೆಯುತ್ತದೆ ಎಂದು ಇಡೀ ಬೀದಿಗೆ ಹೇಳಿಬಂದಳು. ಬೋರ್ಡಿಗೆ ಹೊಸ ಬಣ್ಣ ಹೊಡೆಸಿದಳು. ಹಾಲಿನವನು, ಹೊಲಿಗೆಯವನು, ಎದುರು ಮನೆಯ ಮೇಷ್ಟರು, ಎಲ್ಲರೂ ಬರುತ್ತೇವೆಂದರು. ಭಾನುವಾರ ಬೆಳಿಗ್ಗೆ ಕೋಣೆಯಿಂದ ಒಂದು ಸದ್ದೂ ಕೇಳಲಿಲ್ಲ. ಗೆದ್ದ ನಮ್ಮ ಹುಡುಗ ಎಂದುಕೊಂಡು ಚಹಾ ಹಿಡಿದು ಹೋದಳು. ಊದಿದ ಹತ್ತು ಬಲೂನು ಹಾಗೇ ಇದ್ದವು, ಒಂದಕ್ಕೂ ನೊರೆ ಹಚ್ಚಿರಲಿಲ್ಲ. ಕತ್ತಿ ಕಿಟಕಿಯಲ್ಲಿ ಮಡಿಸಿಟ್ಟಿತ್ತು. ತಮ್ಮ ಇರಲಿಲ್ಲ.

ಮಧ್ಯಾಹ್ನ ಬಂದವನು ಹೊಸ್ತಿಲಲ್ಲೇ ನಿಂತ.

"ಮೂಸೋದು ಬೇಡ ಅಕ್ಕ, ನಾನೇ ಹೇಳ್ತೀನಿ. ಕುಡಿದಿದ್ದೀನಿ," ಎಂದ. "ತೊಂಬತ್ತು ಮಾಡೋವಾಗ ನಾನೊಬ್ಬನೇ ಇದ್ದೆ. ಇವತ್ತು ಕತ್ತಿ ಹಿಡಿದ್ರೆ ಇಡೀ ಬೀದಿ ಬಂದು ಪಕ್ಕದಲ್ಲಿ ನಿಂತ ಹಾಗಾಯ್ತು."

ಅಕ್ಕ ಅತ್ತಳು. ಭಾವ ಅವನಿಗೆ ಊಟ ಬಡಿಸಿದರು. ಮಾರನೆಯ ದಿನ ಇಬ್ಬರನ್ನೂ ಕರೆದುಕೊಂಡು ಚಿಕಿತ್ಸಾ ಕೇಂದ್ರಕ್ಕೆ ಹೋದವರೂ ಅವರೇ. ಅಲ್ಲಿನ ಕೌನ್ಸೆಲರ್ ಮೇಡಂ ತಮ್ಮನ ಜೊತೆ ಅರ್ಧ ಗಂಟೆ ಮಾತಾಡಿದರು, ಅಕ್ಕನ ಜೊತೆ ಒಂದು ಗಂಟೆ.

"ಅವರು ಜಾರಿದ್ದಾರೆ, ಏಳ್ತಾರೆ. ಎಷ್ಟೋ ಜನಕ್ಕೆ ಹೀಗಾಗುತ್ತೆ. ಆದ್ರೆ ನೀವು ಪೊಲೀಸ್ ಆಗಿ ಕೂತ್ರೆ ಅವರು ಕಳ್ಳನೇ ಆಗಿರ್ಬೇಕಾಗುತ್ತೆ. ಅವರ ದಿನ ಅವರು ಎಣಿಸ್ಕೊಳ್ಳಲಿ. ಬೆಳಿಗ್ಗೆ ಎದ್ದು ನಿಮಗೋಸ್ಕರ ನೀವೇನು ಮಾಡ್ತೀರಿ?"

ಆ ಪ್ರಶ್ನೆಯನ್ನು ಅಕ್ಕನಿಗೆ ಯಾರೂ ಕೇಳಿದ್ದಿಲ್ಲ.

ಅಂದು ಮರಳುವಾಗ ಆಟಿಕೆ ಅಂಗಡಿಯವನಿಗೆ ಇದ್ದದ್ದು ಇದ್ದ ಹಾಗೆ ಹೇಳಿಬಿಟ್ಟಳು. ಅವನು, ಹಾಗಾದರೆ ಈ ಉದ್ದನೆಯದು ಯಾಕೆ ತಗೊಂಡು ಹೋಗ್ತೀರಿ, ಯಾರ ಮುಖ ಈ ಥರ ಸೋರೆಕಾಯಿ ಹಾಗಿರುತ್ತೆ ಎಂದು ಬೈದು, ದಪ್ಪ ರಬ್ಬರಿನ ಗುಂಡನೆಯ ಬಲೂನುಗಳನ್ನು ಮೇಲಿನ ಕಪಾಟಿನಿಂದ ಹುಡುಕಿಕೊಟ್ಟ. ಬೆಕ್ಕಿಗೆ ನನ್ನ ಶುಭಾಶಯ ತಿಳಿಸಿ ಎಂದೂ ಸೇರಿಸಿದ. ಅಕ್ಕ ಎಷ್ಟೋ ದಿನಕ್ಕೆ ಬಾಯಿ ತುಂಬ ನಕ್ಕಳು.

ಮರುದಿನದಿಂದ ಬಲೂನಿನ ಹೊತ್ತಿಗೆ ಸರಿಯಾಗಿ ಅವಳು ವಾಕಿಂಗ್ ಹೊರಟಳು. ಮೊದಲ ವಾರ ಕಾಲು ಪಾರ್ಕಿನಲ್ಲಿ, ಕಿವಿ ಮನೆಯಲ್ಲಿ. ಎರಡನೇ ವಾರ ಬೆಂಚಿನ ಮೇಲೆ ಕೂರುವ ಹೆಂಗಸರ ಪರಿಚಯವಾಯಿತು, ಅವರ ಸೊಸೆಯರ ಪುರಾಣ ಕೇಳುವುದರಲ್ಲಿ ಕಿವಿಯೂ ಪಾರ್ಕಿಗೆ ಬಂತು. ಎಷ್ಟಾಯಿತು, ಎಷ್ಟು ಒಡೆಯಿತು ಎಂದು ಕೇಳುವುದನ್ನು ನಿಜವಾಗಿಯೂ ಬಿಟ್ಟಳು. ಬಿಡಲಾಗದೆ ಉಳಿದದ್ದು ಮೂಗು ಒಂದೇ. ಹುಟ್ಟುಗುಣ ಸುಟ್ಟರೂ ಹೋಗದು. ತಮ್ಮ ಬಾಗಿಲಿಗೆ ಬಂದ ಕೂಡಲೇ ಕೈ ತಾನಾಗಿಯೇ ದಾರ ಹುಡುಕುತ್ತಿತ್ತು, ಅವನೂ ಹೆಗಲು ಕೊಡುತ್ತಿದ್ದ.

ಹೀಗಿರುವಾಗ ಒಂದು ಬೆಳಿಗ್ಗೆ ವಾಕಿಂಗ್ ಮುಗಿಸಿ ಬಂದರೆ ಮನೆ ಮೌನವಾಗಿತ್ತು. ಪೇಪರು ಕುರ್ಚಿಯ ಮೇಲಿತ್ತು, ಗಂಡ ಇರಲಿಲ್ಲ. ಆ ಭಾನುವಾರವೂ ಮನೆ ಹೀಗೇ ಇತ್ತು. ಅಕ್ಕ ಚಪ್ಪಲಿ ಬಿಡದೆಯೇ ಹಿಂದಿನ ಕೋಣೆಯವರೆಗೆ ಹೋಗಿ ಇಣುಕಿದಳು.

ಕಿಟಕಿಯ ಬೆಳಕಿಗೆ ಎದುರಾಗಿ ಸ್ಟೂಲಿನ ಮೇಲೆ ಭಾವ ಕೂತಿದ್ದರು. ಕೊರಳಿಗೆ ಟವೆಲು, ಕೆನ್ನೆ ತುಂಬ ನೊರೆ, ಕಣ್ಣು ಬಿಗಿಯಾಗಿ ಮುಚ್ಚಿತ್ತು, ಎರಡು ಕೈಯೂ ಸ್ಟೂಲಿನ ಅಂಚನ್ನು ಗಟ್ಟಿಯಾಗಿ ಹಿಡಿದಿದ್ದವು. ತಮ್ಮನ ಕತ್ತಿ ಮೀಸೆಯ ಎಡತುದಿಯಲ್ಲಿತ್ತು. ಜೋಪಾನ ಎಂಬ ಮಾತು ಅಕ್ಕನ ನಾಲಿಗೆಯ ತುದಿಗೆ ಬಂತು. ಅದನ್ನು ನುಂಗಿಕೊಂಡು ಬಾಗಿಲಲ್ಲೇ ನಿಂತಳು. ಕತ್ತಿ ಎಡಗಡೆ ಮುಗಿಸಿತು, ಬಲಗಡೆಗೆ ಬಂತು, ಅದನ್ನೂ ಮುಗಿಸಿತು. ಕೈ ನಡುಗಲಿಲ್ಲ. ತಮ್ಮ ಬಿಸಿನೀರಿನ ಬಟ್ಟೆಯಿಂದ ಭಾವನ ಮುಖ ಒರೆಸಿದ.

"ಬಂದ್ಯೇನೇ?" ಭಾವ ಕಣ್ಣು ಬಿಡದೆಯೇ ಕೇಳಿದರು. "ಎರಡೂ ಕಡೆ ಇದೆಯಾ ನೋಡು."

"ಇದೆ."

"ಸಮ ಇದೆಯಾ?"

"ಮೀಸೆ ಬಂದಾಗಿಂದ ಇಷ್ಟು ಸಮ ಇರ್ಲಿಲ್ಲ ನಿಮಗೆ."

ಭಾವ ಕಣ್ಣು ಬಿಟ್ಟರು. ನೂರನೆಯ ಬಲೂನು ನಿನ್ನೆಯೇ ಮುಗಿದಿತ್ತಂತೆ. ತಮ್ಮನನ್ನು ಬಿಟ್ಟರೆ ಅದು ಭಾವನೊಬ್ಬರಿಗೇ ಗೊತ್ತಿತ್ತು, ಏಕೆಂದರೆ ಅಕ್ಕ ವಾಕಿಂಗ್ ಹೊರಟ ದಿನದಿಂದ ದಿನಕ್ಕೆ ಹತ್ತು ಬಲೂನು ಊದಿಕೊಡುತ್ತಿದ್ದವರು ಅವರೇ. ಇನ್ನು ಮೊದಲ ಮುಖ ಯಾರದು, ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ತಮ್ಮ ಯೋಚಿಸುತ್ತ ಕೂತಿದ್ದಾಗ ಇವರು ತಾವೇ ಟವೆಲು ಸುತ್ತಿಕೊಂಡು ಬಂದು ಕೂತರಂತೆ.

"ಊದಿ ಊದಿ ಕೆನ್ನೆ ನೋವು ಬಂದಿದೆ," ಎಂದರು ಭಾವ. "ಅದಕ್ಕಿಂತ ಕೆನ್ನೇನೇ ಕೊಡೋದು ವಾಸಿ ಅನ್ನಿಸ್ತು."

ತಮ್ಮ ಕತ್ತಿ ತೊಳೆದು, ಒರೆಸಿ, ಮಡಿಸಿಟ್ಟ. ಆಮೇಲೆ ಬಾಗಿಲಿನ ಬಳಿ ಬಂದು ಅಕ್ಕನ ಮುಂದೆ ನಿಂತು, ರೂಢಿಯಂತೆ ಕತ್ತು ವಾಲಿಸಿ ಹೆಗಲು ಮುಂದೆ ಮಾಡಿದ. ಅಕ್ಕನ ಕೈ ಮೇಲೆದ್ದಿತು. ಅರ್ಧದಲ್ಲಿ ನಿಂತು ಚೀಲದೊಳಕ್ಕೆ ಹೋಯಿತು. ಅಲ್ಲಿಂದ ಅಂಗಡಿಯ ಬೀಗದ ಕೈ ತೆಗೆದು ಅವನ ಅಂಗೈಯಲ್ಲಿಟ್ಟಳು.

"ನೋಡಲ್ವಾ ಅಕ್ಕ?" ಎಂದ ತಮ್ಮ.

"ನೆಗಡಿ ಕಣೋ," ಎಂದಳು ಅಕ್ಕ. "ಮೂಗು ಕಟ್ಟಿದೆ. ಏನೂ ಗೊತ್ತಾಗ್ತಿಲ್ಲ."

ಬೆಳಿಗ್ಗೆ ತಾನೇ ಮೂರನೇ ಮನೆಯಲ್ಲಿ ಹಾಲು ಸೀಯುತ್ತಿದೆ ಎಂದು ಇಲ್ಲಿಂದಲೇ ಹೇಳಿದವಳು ನೀನಲ್ಲವೇ ಎಂದು ಭಾವ ಬಾಯಿ ತೆರೆದರು. ಅಕ್ಕ ಕಣ್ಣೊರೆಸಿಕೊಳ್ಳುತ್ತಲೇ ಅವರನ್ನು ಗುರಾಯಿಸಿದಳು. ಅವರು ತೆರೆದ ಬಾಯನ್ನು ಹೊಸ ಮೀಸೆಯ ಕೆಳಗೆ ಹಾಗೆಯೇ ಮುಚ್ಚಿಕೊಂಡರು. ತಮ್ಮ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡು ಹೆಗಲು ನೆಟ್ಟಗೆ ಮಾಡಿಕೊಂಡ.